ಕೌದಿ ಹಾಸಲು ಜಾಗವಿಲ್ಲದ ಮನೆ

ದೀಪಾವಳಿ ರಜೆಗೆ ಬರುತ್ತಿದ್ದೇನೆ ಎಂದು ಮಗಳು ಕಲಬುರಗಿಯ ಹಾಸ್ಟೆಲಿನಿಂದ ಫೋನ್ ಮಾಡಿದಾಗ ನನಗೆ ಸಂತೋಷವಾಯಿತು. ಆದರೆ ಸಂತೋಷಕ್ಕಿಂತ ಮೊದಲೇ ಇನ್ನೊಂದು ಯೋಚನೆ ಓಡಿಬಂದು ಮುಂದೆ ನಿಂತಿತು. ಅವಳ ಮಂಚ ಎಲ್ಲಿದೆ?

ಮಂಚ ಅವಳ ಕೋಣೆಯಲ್ಲೇ ಇತ್ತು, ನಿಜ. ಆದರೆ ಅದನ್ನು ಕಣ್ಣಾರೆ ಕಂಡು ತಿಂಗಳುಗಳೇ ಆಗಿದ್ದವು. ಅದರ ಮೇಲೆ ಬಟ್ಟೆಯ ಗಂಟುಗಳು, ಗಂಟುಗಳ ಮೇಲೆ ಚೀಲಗಳು, ಚೀಲಗಳ ಮೇಲೆ ಮಡಿಚಿಟ್ಟ ಹಳೆಯ ಸೀರೆಗಳು, ಹೀಗೆ ಕಿಟಕಿಯ ಅರ್ಧದವರೆಗೂ ಏರಿದ್ದವು. ಮಧ್ಯಾಹ್ನ ಆ ಕೋಣೆಗೆ ಬರುವ ಬೆಳಕು ಮೇಲಿನ ಅರ್ಧದಿಂದ ಮಾತ್ರ ಬರುತ್ತಿತ್ತು. ಇದೆಲ್ಲವೂ ಹಾಸಲು, ಹೊದೆಯಲು ಕೌದಿ ಹೊಲಿಯಲೆಂದು ನಾನು ಕೂಡಿಟ್ಟದ್ದು.

ನಾನು ಶಾಲಾ ಶಿಕ್ಷಕಿ. ಮನೆ ಶಹಾಪುರದಲ್ಲಿ, ಶಾಲೆ ಸುರಪುರದ ದಾರಿಯಲ್ಲಿರುವ ಒಂದು ಹಳ್ಳಿಯಲ್ಲಿ. ನನ್ನವರು ನಾರಾಯಣಪುರದ ಆಣೆಕಟ್ಟಿನಲ್ಲಿ ನೌಕರಿ ಮಾಡುತ್ತಾರೆ. ವಾರವೆಲ್ಲ ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದು ಶನಿವಾರ ಸಂಜೆ ಮನೆಗೆ ಬರುತ್ತಾರೆ. ಕೌದಿ ಹೊಲಿಯುವುದನ್ನು ನನಗೆ ಕಲಿಸಿದವರು ಅವರ ತಾಯಿ, ನನ್ನ ಅತ್ತೆ. ಮಗಳು ಹೊಟ್ಟೆಯಲ್ಲಿದ್ದಾಗ ರಂಗಂಪೇಟೆಯ ಅವರ ಮನೆಯ ಪಡಸಾಲೆಯಲ್ಲಿ ನನ್ನನ್ನು ಕೂರಿಸಿ, ಮಾವನ ಮೆತ್ತನೆಯ ಹಳೇ ಧೋತರದ ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, "ಅಂಚಿನಿಂದ ಶುರು ಮಾಡು, ಸುತ್ತಹಾಕ್ಕೋತ ನಡುವಿಗೆ ಬಾ" ಎಂದು ಸೂಜಿ ಕೈಗೆ ಕೊಟ್ಟಿದ್ದರು. ಕೂಸಿಗೆ ಒಂದು ಸಣ್ಣ ಕೌದಿಯಾಯಿತು. ಆ ಕೂಸು ಈಗ ಡಿಗ್ರಿ ಓದುತ್ತಿದೆ. ಅಂದು ಹಿಡಿದ ಹುಚ್ಚು ನನ್ನನ್ನು ಇನ್ನೂ ಬಿಟ್ಟಿಲ್ಲ.

ಆದರೆ ಹೊಲಿಯುವ ಹುಚ್ಚು ಬೇರೆ, ಕೂಡಿಡುವ ಹುಚ್ಚು ಬೇರೆ. ಹೊಲಿಯಲು ರಜೆ ಬೇಕು, ನೆಲ ಬೇಕು, ಮೊಣಕಾಲು ಬೇಕು. ಕೂಡಿಡಲು ಎರಡು ಕಣ್ಣು ಇದ್ದರೆ ಸಾಕು. ಬಟ್ಟೆಯೋ ನನ್ನನ್ನೇ ಹುಡುಕಿಕೊಂಡು ಬರುತ್ತಿತ್ತು. ನಮ್ಮ ಕೆಳಮನೆಯಲ್ಲಿರುವ, ಓಣಿಯವರೆಲ್ಲ ಚಿಕ್ಕಮ್ಮನೆಂಬಂತೆ ಖಾಲಾ ಎಂದು ಕರೆಯುವ ಮುಸ್ಲಿಂ ಹೆಂಗಸು ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರ ಜಂಪರ್, ಅಂದರೆ ರವಿಕೆ, ಹುಡುಗಿಯರ ಚೂಡಿದಾರ ಹೊಲಿಯುತ್ತಾರೆ. ಅವರು ಅಂಗಳದಲ್ಲಿ ನಿಂತು, "ಟೀಚರ್ರ, ಬುಟ್ಟಿ ಬಿಡ್ರಿ!" ಎಂದು ಕೂಗಿದರೆ ನಾನು ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡುತ್ತಿದ್ದೆ. ಹಗ್ಗ ಕಟ್ಟಿದ ಬುಟ್ಟಿಯನ್ನು ಮೇಲಿನಿಂದ ಇಳಿಸುವುದು, ಕತ್ತರಿಸಿ ಉಳಿದ ತುಂಡುಗಳನ್ನು ಅವರು ಅದರಲ್ಲಿ ತುಂಬುವುದು, ನಾನು ಎಳೆದುಕೊಳ್ಳುವುದು. ಬಾವಿಯಿಂದ ನೀರು ಸೇದುವವಳಿಗಿಂತ ಹೆಚ್ಚು ಖುಷಿಯಿಂದ ಸೇದುತ್ತಿದ್ದೆ. ಇನ್ನು ಮದುವೆ, ಸೀಮಂತದ ಕುಬಸ, ತೊಟ್ಟಿಲು ಎಂದು ಯಾರ ಮನೆಗೆ ಹೋದರೂ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬುವಾಗ ಒಂದು ಜಂಪರ್ ಪೀಸ್ ಬಂದೇ ಬರುತ್ತದೆ. ಹೊಲಿಸಿಕೊಂಡರೆ ತೋಳಿಗೆ ಬಟ್ಟೆ ಸಾಲುವುದಿಲ್ಲ, ಬೇರೆಯವರಿಗೆ ಕೊಡೋಣವೆಂದರೆ ಅವರೇ ಕೊಟ್ಟದ್ದೋ ಏನೋ ಎಂಬ ಅನುಮಾನ. ಅವೂ ನನ್ನ ಗಂಟು ಸೇರಿದವು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಕೇಳಬೇಡಿ. ಭಾನುವಾರ ಯಾದಗಿರಿಗೆ ಹೋಗಿ ಕಟ್‌ಪೀಸ್ ಅಂಗಡಿಗಳನ್ನು ಸುತ್ತಿ, ಊಟದ ಹೊತ್ತಿಗೆ ಮನೆಗೆ ಬಂದುಬಿಡುತ್ತಿದ್ದೆ.

ಹೆಚ್ಚಾಯಿತೇ ಎಂದು ನಾನು ಯೋಚಿಸಲೇ ಇಲ್ಲ ಎಂದಲ್ಲ. ಅಲಮಾರಿಯ ಕೆಳಖಾನೆ ತುಂಬಿದರೆ ನಿಲ್ಲಿಸುತ್ತೇನೆ ಎಂದುಕೊಂಡಿದ್ದೆ. ತುಂಬಿತು. ಟ್ರಂಕು ಖಾಲಿ ಇತ್ತಲ್ಲ. ಆಮೇಲೆ ದಿವಾನದ ಹೊಟ್ಟೆ, ಆಮೇಲೆ ಕೆಟ್ಟುಹೋದ ಕೂಲರಿನ ಒಳಗೆ. ಮಗಳು ಹಾಸ್ಟೆಲಿಗೆ ಹೋದ ದಿನ ಕೂತು ಅತ್ತುಬಿಟ್ಟೆ. ಮರುದಿನ ಅವಳ ಕೋಣೆಗೆ ಎರಡು ಚೀಲ ಸಾಗಿಸಿದೆ. ಶನಿವಾರ ಬಂದ ನನ್ನವರು ಬಾಗಿಲಲ್ಲಿ ನಿಂತು, "ಈ ಮನಿ ವಾರವಾರ ಸಣ್ಣದಾಗಾಕತ್ತದೋ, ನನಗ ಹಂಗ ಕಾಣಾಕತ್ತದೋ?" ಎನ್ನುತ್ತಿದ್ದರು. "ನೀವು ದಪ್ಪ ಆಗೀರಿ, ಅದಕ್ಕ" ಎಂದು ನಾನು ಚಹಾ ಕೈಗಿಡುತ್ತಿದ್ದೆ.

ಇನ್ನೊಂದು ಉಪಾಯವೂ ಇತ್ತು. ಅವರ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಪೂರ್ತಿ ಖಾಲಿ. ಸೋಮವಾರ ನಸುಕಿಗೆ ಅವರು ಹೊರಡುವಾಗ, "ಇದೊಂದು ಚೀಲ ಅಲ್ಲಿಟ್ಟುಬಿಡ್ರಿ" ಎಂದು ಕೊಟ್ಟು ಕಳಿಸುತ್ತಿದ್ದೆ. ಪಾಪ, ಒಯ್ಯುತ್ತಿದ್ದರು.

ಮಗಳು ಬಂದಳು. ಬ್ಯಾಗು ಹೆಗಲಲ್ಲಿರುವಾಗಲೇ ತನ್ನ ಕೋಣೆಯ ಬಾಗಿಲು ನೂಕಿದಳು. ಬಾಗಿಲು ಅರ್ಧ ತೆರೆದು ಮೆತ್ತಗೆ ವಾಪಸು ಬಂತು. ಇನ್ನೊಮ್ಮೆ ನೂಕಿದಳು. ಇನ್ನೊಮ್ಮೆ ಬಂತು.

"ಮಮ್ಮಿ, ಒಳಗ ಯಾರೋ ಇದ್ದಾರ!"

"ಯಾರೂ ಇಲ್ಲವಾ. ಅರಿವಿ ಅವ."

ಅವಳು ಅಡ್ಡವಾಗಿ ಒಳಗೆ ತೂರಿಕೊಂಡಳು. ಸಿಟ್ಟು ಬಂತೇನೋ ಎಂದು ನಾನು ಹೊರಗೆ ಸೆರಗು ತಿರುವುತ್ತ ನಿಂತೆ. ಆಮೇಲೆ ನಗು ಕೇಳಿಸಿತು. ಬಗ್ಗಿ ನೋಡಿದರೆ ಅವಳು ಬಟ್ಟೆಯ ಗುಡ್ಡದ ತುದಿಗೆ ಹತ್ತಿ, ಫ್ಯಾನಿನ ಹತ್ತಿರ ತಲೆ ಬಗ್ಗಿಸಿ ಕುಳಿತು, ಅಪ್ಪನಿಗೆ ವಿಡಿಯೋ ಕಾಲ್ ಮಾಡುತ್ತಿದ್ದಳು. "ಪಪ್ಪಾ, ನೋಡ್ರಿ, ನಾ ಎಷ್ಟು ಎತ್ತರಕ್ಕ ಹೋಗೀನಿ!"

ಆ ಶನಿವಾರ ಅವರು ಬಂದಾಗ ಕೈಯಲ್ಲಿ ಚೀಲಗಳಿದ್ದವು. ನಾನು ಕಳಿಸಿದವೇ. ಅವನ್ನು ಪಡಸಾಲೆಯಲ್ಲಿಟ್ಟು, ಕುಳಿತುಕೊಳ್ಳಲು ಜಾಗ ಹುಡುಕಿ, ಸಿಗದೆ, ಅದೇ ಚೀಲದ ಮೇಲೆ ಕುಳಿತರು.

"ನಮ್ಮ ಆಫೀಸಿನ್ಯಾಗ ನನಗ ಏನ್ ಕೇಳಾಕತ್ತಾರ ಗೊತ್ತೇನು? ಸಾಹೇಬ್ರ, ಸೀರಿ ಯಾಪಾರ ಶುರು ಮಾಡೀರಂತ, ನಮ್ಮ ಮನಿಯಾಕಿಗೊಂದು ತೋರಸ್ರಿ ಅಂತಾರ."

ಮಗಳು ಬಿದ್ದು ಬಿದ್ದು ನಕ್ಕಳು. ನನಗೂ ತಡೆಯಲಾಗಲಿಲ್ಲ. ಅವರು ಮಾತ್ರ ನಗದಿರಲು ಬಹಳ ಕಷ್ಟಪಟ್ಟರು.

"ನಗಬ್ಯಾಡ್ರಿ. ನೀನ ಹೇಳು, ಇದು ಹೆಚ್ಚಾಗ್ಯದೋ ಇಲ್ಲೋ?"

"ಕೌದಿಗೆ ಎಷ್ಟು ಅರಿವಿ ಬೇಕಂತ ನಿಮಗೇನ್ ಗೊತ್ತರೀ?"

"ನನಗ ಗೊತ್ತಿಲ್ಲ. ಗೊತ್ತಿದ್ದವರನ್ನ ಕರಸ್ತೀನಿ" ಎಂದವರೇ ಫೋನ್ ತೆಗೆದು ತಮ್ಮ ತಾಯಿಗೆ ಹಚ್ಚಿದರು. "ಯವ್ವಾ, ನೀ ನಾಳಿಗೆ ಬಾ. ನಿನ್ನ ಸೊಸಿ ಅರಿವಿಯೊಳಗ ಮುಳುಗ್ಯಾಳ. ನೀ ಬಂದು ನೋಡಿ, ಹೆಚ್ಚಾಗ್ಯದ ಅಂತ ಒಂದು ಮಾತು ಹೇಳು. ನಿನ್ನ ಮಾತು ಕೇಳ್ತಾಳ."

ಅತ್ತೆಯ ಮಾತು ಕೇಳುತ್ತೇನೆ ಎಂಬುದು ನಿಜ. ಅದಕ್ಕೇ ಭಯವಾಯಿತು.

ಮರುದಿನ ಬೆಳಿಗ್ಗೆ ಅವರು ಬಸ್‌ಸ್ಟ್ಯಾಂಡಿಗೆ ಹೋಗಿ ಅತ್ತೆಯನ್ನು ಕರೆತಂದರು. ಆಟೋದಿಂದ ಮೊದಲು ಇಳಿದದ್ದು ಅತ್ತೆಯಲ್ಲ, ಒಂದು ದೊಡ್ಡ ಗೊಬ್ಬರದ ಚೀಲ, ಬಾಯಿಗೆ ಹಳೇ ಸೀರೆಯ ಅಂಚು ಬಿಗಿದದ್ದು. ಅದರ ಹಿಂದೆ ಇನ್ನೊಂದು. ಆಮೇಲೆ ಅತ್ತೆ. ನನ್ನವರ ಮುಖ ನೋಡುವಂತಿತ್ತು.

"ಯವ್ವಾ, ಇದೇನು?"

"ಅರಿವಿ. ಅಲ್ಲಿ ಇಡಾಕ ಜಾಗ ಇಲ್ಲಪ್ಪಾ. ನಿನ್ನ ತಮ್ಮನ ಹೇಣ್ತಿ ದಿನಾ ಗೊಣಗಾಕತ್ಯಾಳ. ಹೆಂಗೂ ನೀ ಬಾ ಅಂದೆಲ್ಲ, ಇಲ್ಲಿಡೋಣಂತ ತಂದೆ."

ನನ್ನವರು ಎರಡೂ ಚೀಲಗಳನ್ನು ಹೊತ್ತು ಮೆಟ್ಟಿಲು ಹತ್ತಿದರು. ಕೆಳಗೆ ಯಂತ್ರ ತುಳಿಯುತ್ತಿದ್ದ ಖಾಲಾ ಕಾಲು ನಿಲ್ಲಿಸಿ, ದುಪಟ್ಟಾ ಬಾಯಿಗಿಟ್ಟು ನಕ್ಕರು.

ಅತ್ತೆ ಚಹಾ ಕುಡಿದು ಮೊಮ್ಮಗಳ ಕೋಣೆಗೆ ಹೋದರು. ಎಲ್ಲವನ್ನೂ ಒಂದೊಂದಾಗಿ ಬಿಚ್ಚಿಸಿದರು. ತೀರ್ಪು ಕೊಡಲು ಬಂದವರು ಜಾತ್ರೆಗೆ ಬಂದ ಹುಡುಗಿಯಂತಾದರು. ಒಂದು ತುಂಡನ್ನು ಕೆನ್ನೆಗೆ ಒತ್ತಿ, "ಇದು ನೋಡು, ಎಷ್ಟು ಮೆತ್ತಗದ" ಎನ್ನುವರು. ಇನ್ನೊಂದನ್ನು ಎರಡು ಬೆರಳಲ್ಲಿ ತಿಕ್ಕಿ, "ಇದು ಬೆವರು ಕುಡಿಯಂಗಿಲ್ಲ, ತಗಿ ಅತ್ಲಾಗ" ಎಂದು ಎಸೆಯುವರು. ಎಸೆದದ್ದನ್ನು ನಾನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುವೆ. ನಡುವೆ ಅವರದೇ ಒಂದು ಇಳಕಲ್ ಸೀರೆ ಸಿಕ್ಕಿತು. ಯಾವಾಗಲೋ ನನಗೆ ಕೊಟ್ಟದ್ದು. "ಅಯ್ಯ ನನ್ನ ಬಂಗಾರ!" ಎಂದು ಅದನ್ನು ಎದೆಗೆ ಅವುಚಿಕೊಂಡರು. ಮಗಳು ಪಕ್ಕದಲ್ಲಿ ಕುಳಿತು ಬಣ್ಣಕ್ಕೆ ಬಣ್ಣ ಜೋಡಿಸತೊಡಗಿದಳು. ಮೂವರಿಗೂ ಅಡುಗೆಯ ನೆನಪಿರಲಿಲ್ಲ. ನನ್ನವರೇ ಅನ್ನಕ್ಕಿಟ್ಟು, ಉಳ್ಳಾಗಡ್ಡಿ ಹೆಚ್ಚಿ, ಆಗಾಗ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಏನಂತೀ ಯವ್ವಾ? ಹೆಚ್ಚಾಗ್ಯದಿಲ್ಲೋ?"

ಅತ್ತೆ ಎಲ್ಲವನ್ನೂ ಮತ್ತೊಮ್ಮೆ ಗಂಭೀರವಾಗಿ ನೋಡಿದರು.

"ಕೆಂಪು ಸಾಲಂಗಿಲ್ಲ" ಎಂದರು.

ನನ್ನವರು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಬ್ಬರೇ ನಗುವುದು ಕೇಳಿಸಿತು.

ಸೋಮವಾರ ಅವರು ನಾರಾಯಣಪುರದ ಬಸ್ಸು ಹತ್ತಿದರು, ನನ್ನ ಶಾಲೆಗೂ ರಜೆಯಿದ್ದುದರಿಂದ ನಾವು ಮೂವರು ಯಾದಗಿರಿಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಹತ್ತಿ ತುಂಬಿದ ಟ್ರ್ಯಾಕ್ಟರುಗಳು. ಕಿಟಕಿಯಿಂದ ಅರಳೆಯ ಎಳೆಗಳು ಹಾರಿಬಂದು ಅತ್ತೆಯ ತಲೆಯ ಮೇಲೆ ಕುಳಿತವು. ಕೆಂಪು ಮಾತ್ರ ಕೊಳ್ಳುವುದೆಂದು ಬಸ್ಸಿನಲ್ಲೇ ಮೂವರೂ ಆಣೆ ಮಾಡಿದ್ದೆವು. ಅಂಗಡಿಯಲ್ಲಿ ಅತ್ತೆ ತಮ್ಮ ಕರ್ಚೀಫನ್ನು ಬಾಟಲಿಯ ನೀರಿನಲ್ಲಿ ನೆನೆಸಿ, ಪ್ರತಿ ಕೆಂಪು ಬಟ್ಟೆಯ ಮೂಲೆಗೂ ತಿಕ್ಕಿ ನೋಡಿದರು. ಬಣ್ಣ ಬಿಟ್ಟರೆ, "ಇದು ನಮ್ಮ ಕೌದಿನೆಲ್ಲಾ ಕೆಡಸ್ತದ" ಎಂದು ಮುಂದಕ್ಕೆ ತಳ್ಳುತ್ತಿದ್ದರು. ಕರ್ಚೀಫು ಓಕುಳಿಯಾಡಿದಂತಾಯಿತು. ಅಂಗಡಿಯಾತ ಮೊದಲು ಗಾಬರಿಯಾದ, ಆಮೇಲೆ ತಾನೇ ಸ್ಟೂಲು ಹಾಕಿ, "ಕುಂದ್ರವಾ, ನಿಧಾನಕ್ಕ ನೋಡು" ಎಂದ.

ಅಷ್ಟರಲ್ಲಿ ಮಗಳು ಆನೆ ಚಿತ್ರವಿರುವ ಒಂದು ತುಂಡನ್ನು ಬೆನ್ನ ಹಿಂದೆ ಅಡಗಿಸಿಟ್ಟುಕೊಂಡಿದ್ದಳು. ಅತ್ತೆ ಕೆಂಪಿನ ಜೊತೆ ಒಂದು ಹಸಿರನ್ನೂ ಸುತ್ತಿಸಿದರು, "ಕೆಂಪು ಒಬ್ಬಾಕಿನ ಹೆಂಗ ಇರ್ತಾಳ?" ಎಂದು. ನನಗೆ ಒಂದು ಹಳದಿ ಕಂಡಿತು. ನೀಲಿ ಸಣ್ಣ ಹೂವಿನ, ಬೇಸಿಗೆಯ ಬೆಳಗಿನಂಥ ಹಳದಿ. ಅಂಥ ಹಳದಿಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಬಿಟ್ಟು ಬರುವುದು ಹೇಗೆ?

ಮನೆಗೆ ಬಂದು ಆ ಹಳದಿಯನ್ನು ಟ್ರಂಕಿನಲ್ಲಿಡಲು ಮುಚ್ಚಳ ತೆಗೆದೆ. ಮೇಲಿನ ಪದರ ಎತ್ತಿದರೆ, ಅಲ್ಲಿ ಅದೇ ಹಳದಿ. ಅದೇ ನೀಲಿ ಹೂವು. ಅದನ್ನೂ ಎತ್ತಿದೆ. ಕೆಳಗೆ ಇನ್ನೊಂದು, ಅಂಗಡಿಯ ಕಾಗದವನ್ನೂ ಬಿಚ್ಚಿರಲಿಲ್ಲ. ಮೂರನ್ನೂ ಮಡಿಲಲ್ಲಿಟ್ಟುಕೊಂಡು ನಾನು ನೆಲದ ಮೇಲೆ ಕುಳಿತುಬಿಟ್ಟೆ.

"ಏನಾತವಾ?" ಎಂದು ಅತ್ತೆ ಬಂದರು. ನಾನು ಮೂರನ್ನೂ ತೋರಿಸಿದೆ. ಅವರು ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಅವನ್ನು ನೋಡಿದರು. ಅತ್ತೆಯ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ನಮ್ಮಿಬ್ಬರಿಗೂ ನಗು ಹಿಡಿಯಿತು ನೋಡಿ, ಬಿಡಲೇ ಇಲ್ಲ. ಮಗಳು ಓಡಿಬಂದು ಸಂಗತಿ ತಿಳಿಯದೆಯೇ ನಕ್ಕಳು, ತಿಳಿದ ಮೇಲೆ ಇನ್ನೊಂದು ಸಲ ನಕ್ಕಳು.

"ನಡಿ, ಸಾಕು" ಎಂದು ಅತ್ತೆ ಕಣ್ಣೊರೆಸಿಕೊಂಡು ಎದ್ದರು. "ಇವತ್ತ ಒಂದು ಕೌದಿ ಹಾಸೋಣು."

ಕೌದಿ ಹಾಸುವುದೆಂದರೆ ಮೊದಲು ಹಳೇ ಸೀರೆಯನ್ನು ಮಡಿಕೆ ಮಾಡಿ ನೆಲದ ಮೇಲೆ ಸುಕ್ಕಿಲ್ಲದೆ ಹರಡಬೇಕು. ಅದರ ಮೇಲೆ ತುಂಡುಗಳನ್ನು ಜೋಡಿಸಿ ಹೊಲಿಗೆ ಶುರು. ಅತ್ತೆ ಪಡಸಾಲೆಯಲ್ಲಿ ಸೀರೆ ಹರಡಿದರು. ಈ ಕಡೆ ಚೀಲ ಅಡ್ಡಬಂತು. ಚೀಲ ಆ ಕಡೆ ಸರಿಸಿದರೆ ಬಾಗಿಲು ಮುಚ್ಚಿತು. ಮಗಳ ಕೋಣೆಗೆ ಹೋದೆವು. ಅಲ್ಲಿ ನಮಗೇ ನಿಲ್ಲಲು ಜಾಗವಿಲ್ಲ. ನಮ್ಮ ಮಲಗುವ ಕೋಣೆಯಲ್ಲಿ ಸೀರೆ ಅರ್ಧ ಹರಡಿ, ಉಳಿದರ್ಧ ಗಂಟುಗಳ ಮೇಲೆ ಏರಿ ಗುಡ್ಡದಂತೆ ನಿಂತಿತು. ಅತ್ತೆ ಆ ಸೀರೆಯ ಒಂದು ತುದಿ ಹಿಡಿದುಕೊಂಡು ಸುತ್ತಲೂ ನೋಡಿದರು. ಮುಖದಲ್ಲಿ ನಗು ಹೋಗಿತ್ತು.

"ಅಲ್ಲವಾ, ಹೊಲ್ಯಾಕ ಕೂಡಿಟ್ಟ ಅರಿವಿ, ಹೊಲ್ಯಾಕ ಕುಂಡ್ರಗೊಡವಲ್ದು" ಎಂದರು. "ಕೌದಿ ಹಾಸಾಕ ಜಾಗ ಇಲ್ಲಂದ್ರ ಹೆಚ್ಚಾಗ್ಯದ ಅಂತನ ಅರ್ಥ. ನನ್ನ ಮಗ ಹೇಳಿದ್ದು ಖರೆ."

ನನಗೆ ನಾಚಿಕೆಯೂ ಆಯಿತು, ಏನೋ ಹಗುರವೂ ಆಯಿತು. ಎಷ್ಟಾದರೆ ಹೆಚ್ಚು ಎಂದು ನಾನು ಅಲಮಾರಿಯನ್ನು, ಟ್ರಂಕನ್ನು, ಕೂಲರನ್ನು ಕೇಳುತ್ತ ಬಂದಿದ್ದೆ. ಕೇಳಬೇಕಾದದ್ದು ಈ ನೆಲವನ್ನು.

ಖಾಲಿ ಮಾಡುವುದು ಹೇಗೆ? ಎಸೆಯುವ ಮಾತನ್ನು ಮೂವರೂ ಬಾಯಿಗೆ ತರಲಿಲ್ಲ. ಅತ್ತೆಯೇ ದಾರಿ ಹೇಳಿದರು. "ಉಡಿಯೊಳಗ ಬಂದದ್ದನ್ನ ಉಡಿಯೊಳಗ ಹಾಕಿ ಕಳಸು." ಶುಕ್ರವಾರ ಓಣಿಯ ಹೆಂಗಸರನ್ನೂ ನನ್ನ ಶಾಲೆಯ ಇಬ್ಬರು ಟೀಚರುಗಳನ್ನೂ ಉಡಿ ತುಂಬಿಸಿಕೊಳ್ಳಲು ಕರೆದೆವು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅದರ ಜೊತೆ ಎರಡು ಕೈ ತುಂಬುವಷ್ಟು ಬಟ್ಟೆ. ಅತ್ತೆ ಬಗ್ಗಿ ಬಗ್ಗಿ ತುಂಬಿದರು. ಬಂದವರ ಸೆರಗು ಭಾರವಾಗಿ ಜಗ್ಗುತ್ತಿತ್ತು. "ಅಯ್ಯ, ಇಷ್ಟ್ಯಾಕ್ರಿ!" ಎಂದು ಅವರು ಹಿಂದೆ ಸರಿದರೆ ಮಗಳು ಹಿಂದಿನಿಂದ ಇನ್ನೊಂದು ತುಂಡು ತುರುಕುತ್ತಿದ್ದಳು. ಖಾಲಾ ಬಂದಾಗ ಮಲ್ಲಿಗೆ ಮುಡಿಸಿ, ಅವರ ದುಪಟ್ಟಾ ತುಂಬ ಬಟ್ಟೆ ಸುರಿದೆವು. "ನಕ್ಕೋ, ನಕ್ಕೋ, ಬ್ಯಾಡ್ರಿ ಟೀಚರ್ರ! ನಾ ಕೊಟ್ಟದ್ದ ನನಗ ತಿರುಗಿ ಬರಾಕತ್ತದಲ್ಲ!" ಎಂದು ಅವರು ಕೂಗಿದರು.

ಮಂಚದ ಮೇಲಿನ ಗುಡ್ಡ ಕರಗುತ್ತ ಬಂತು. ಕಿಟಕಿ ಪೂರ್ತಿ ಕಂಡಿತು. ನಾನು ಗೆದ್ದೆನೆಂದೇ ತಿಳಿದಿದ್ದೆ. ಎಲ್ಲರನ್ನೂ ಕಳಿಸಿ ಪಡಸಾಲೆಗೆ ತಿರುಗಿ ನೋಡಿದರೆ, ದಿವಾನದ ಮೇಲೆ ಹೊಸ ಗುಡ್ಡ ಎದ್ದಿತ್ತು.

ಉಡಿ ತುಂಬಿಸಿಕೊಳ್ಳಲು ಬರಿಗೈಯಲ್ಲಿ ಯಾರು ಬರುತ್ತಾರೆ? ಒಬ್ಬೊಬ್ಬರೂ ಹೋಗುವಾಗ ಒಂದೊಂದು ಜಂಪರ್ ಪೀಸ್ ಇಟ್ಟು ಹೋಗಿದ್ದರು. ಶಾಲೆಯ ಟೀಚರುಗಳು ಸೀರೆಯನ್ನೇ ತಂದಿದ್ದರು. ಕೆಲವರು ಕೌದಿಯ ಸುದ್ದಿ ಕೇಳಿ, "ನಿಮಗ ಬೇಕಾಗ್ತಾವಂತ್ರಿ" ಎಂದು ಮನೆಯ ಹಳೇ ಬಟ್ಟೆಯ ಗಂಟು ತಂದಿದ್ದರು. ಖಾಲಾ ಮಿರಮಿರ ಮಿಂಚುವ ಸ್ಯಾಟಿನ್ ತುಂಡುಗಳ ಒಂದು ಇಡೀ ಚೀಲವನ್ನು ಬಾಗಿಲ ಹಿಂದೆ ಇಟ್ಟಿದ್ದರು. ಅತ್ತೆ, ಮಗಳು, ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅತ್ತೆ ಗೋಡೆಗೆ ಒರಗಿ ಕುಸಿದು, ಹೊಟ್ಟೆ ಹಿಡಿದುಕೊಂಡು, "ಯಪ್ಪಾ ಶಿವನೇ, ಇನ್ನ ನಗಸಬ್ಯಾಡ" ಎಂದರು.

ಮರುದಿನ ಖಾಲಿ ಮನೆಯನ್ನು ನೋಡುವ ಆಸೆಯಿಂದ ನನ್ನವರು ಬೇಗನೇ ಬಂದರು. ಮಗಳು ಅವರ ಕೈಹಿಡಿದು ತನ್ನ ಮಂಚವನ್ನು ಹೆಮ್ಮೆಯಿಂದ ತೋರಿಸಿದಳು. ಅವರು ಮಂಚದ ಮೇಲೆ ಕೂತು ನೋಡಿ, ಎರಡು ಸಲ ಕುಪ್ಪಳಿಸಿ, ಸಂತೋಷಪಟ್ಟರು. ಆಮೇಲೆ ಪಡಸಾಲೆಗೆ ಬಂದರು. ದಿವಾನ ನೋಡಿದರು. ನಡೆದದ್ದನ್ನು ಅತ್ತೆ ಹೇಳಿದರು. ಅವರು ಹೇಳಿದ್ದು ಇಷ್ಟೇ: "ಮಾಳಿಗಿ ಖಾಲಿ ಅದಲ್ಲ?"

"ಮಾಳಿಗಿ ಮ್ಯಾಲೂ ಇಡೋಣಂತೀರೇನ್ರಿ?" ಎಂದೆ, ನಂಬಲಾಗದೆ.

"ಇಡೋದಲ್ಲ ಮಾರಾಯ್ತಿ. ಹೊಲಿಯೋದು!"

ನಮಗೆ ಮೂವರಿಗೂ ಹೊಳೆದಿರಲಿಲ್ಲ. ಆ ಮಧ್ಯಾಹ್ನವೇ ಅವರು ಮಾಳಿಗೆಯನ್ನು, ಎಂದರೆ ನಮ್ಮ ಮೇಲಿನ ಬಯಲು ತಾರಸಿಯನ್ನು, ಗುಡಿಸಿ, ನೀರು ಚೆಲ್ಲಿ ತೊಳೆದು, ನೆರಳಿಗೆ ಒಂದು ತಾಡಪತ್ರಿ ಕಟ್ಟಿದರು. ಅತ್ತೆ ಮೆಟ್ಟಿಲ ತುದಿಯಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಕೂಗಿದರು. "ಅರಿವಿ ಒಯ್ದವರೆಲ್ಲಾ ಸೂಜಿ ತಗೊಂಡು ಬರ್ರೇ!"

ಬಂದರು. ತಮಾಷೆಗೆ ಕೆಲವರು, ಕಲಿಯುವ ಆಸೆಗೆ ಕೆಲವರು, ಮನೆಗೆ ಒಯ್ದ ತುಂಡುಗಳನ್ನು ಏನು ಮಾಡಬೇಕೆಂದು ತಿಳಿಯದೆ ಕೆಲವರು. ಹಳೇ ಸೀರೆ ಮಾಳಿಗೆಯ ಮೇಲೆ ಒಂದೂ ಸುಕ್ಕಿಲ್ಲದೆ ಹರಡಿಕೊಂಡಾಗ ನನಗೆ ಕಣ್ಣು ತುಂಬಿಬಂತು. ಅಷ್ಟು ದಿನಗಳಿಂದ ನಾನು ಇಷ್ಟು ಅಗಲದ ಬಟ್ಟೆಯನ್ನು ನೋಡಿಯೇ ಇರಲಿಲ್ಲ, ಎಲ್ಲವನ್ನೂ ಮಡಿಚಿದ್ದನ್ನಷ್ಟೇ ನೋಡಿದ್ದೆ. ಮೂರೂ ಹಳದಿ ಆ ಒಂದೇ ಕೌದಿಗೆ ಹೋದವು. ಅತ್ತೆಯ ಕೆಂಪು, ಮಗಳ ಆನೆ, ಖಾಲಾ ಅವರ ಸ್ಯಾಟಿನ್ ಕೂಡ. ಬೆವರು ಕುಡಿಯದಿದ್ದರೂ ಮೂಲೆಗೆ ಚಂದ ಎಂದು ಅತ್ತೆ ಸ್ಯಾಟಿನ್‌ಗೆ ವಿನಾಯಿತಿ ಕೊಟ್ಟರು.

ರಜೆ ಮುಗಿದು ಮಗಳು ಹೋಗುವಾಗ ಆ ಕೌದಿ ಅವಳ ಜೊತೆ ಹೋಯಿತು. ಎರಡನೆಯದು ಖಾಲಾ ಅವರ ಮೊಮ್ಮಗುವಿನ ತೊಟ್ಟಿಲಿಗೆ. ಮೂರನೆಯದನ್ನು ನನ್ನವರು ಕ್ವಾರ್ಟರ್ಸಿಗೆ ಒಯ್ದರು. ಸೀರೆ ವ್ಯಾಪಾರ ಕೇಳಿದವರಿಗೆ ಅದನ್ನೇ ತೋರಿಸಿದರಂತೆ. ಅತ್ತೆ ರಂಗಂಪೇಟೆಗೆ ಮರಳುವಾಗ ತಮ್ಮ ಎರಡು ಚೀಲಗಳಲ್ಲಿ ಒಂದನ್ನಷ್ಟೇ ಒಯ್ದರು, ಅದೂ ಅರ್ಧ. ಈಗ ಅಲ್ಲಿಯೂ ಮಾಳಿಗೆಯ ಮೇಲೆ ಹೆಂಗಸರು ಸೇರುತ್ತಾರೆ. ಗೊಣಗುತ್ತಿದ್ದ ನನ್ನ ನೆಗೆಣ್ಣಿ, ಮೈದುನನ ಹೆಂಡತಿಯೂ ಸೂಜಿ ಹಿಡಿದಿದ್ದಾಳೆ, ಯಾದಗಿರಿಗೆ ಯಾವಾಗ ಹೋಗುತ್ತೀರಿ ಎಂದು ನನಗೆ ಫೋನ್ ಮಾಡುತ್ತಾಳೆ.

ನನ್ನ ಮನೆಯಲ್ಲಿ ಬಟ್ಟೆ ಮುಗಿದಿಲ್ಲ, ಮುಗಿಯುವುದೂ ಬೇಡ. ಆದರೆ ಪಡಸಾಲೆಯ ನೆಲ ಖಾಲಿ ಇರಬೇಕು, ಇದ್ದಕ್ಕಿದ್ದಂತೆ ಒಂದು ಕೌದಿ ಹಾಸಬೇಕೆನಿಸಿದರೆ ಹಾಸುವಂತಿರಬೇಕು. ಅಷ್ಟನ್ನು ಕಾಯ್ದುಕೊಂಡಿದ್ದೇನೆ. ಒಂದೆರಡು ಸಲ ತಪ್ಪಿದ್ದೂ ಉಂಟು, ಆಗ ಮಾಳಿಗೆಗೆ ಕರೆ ಹೋಗುತ್ತದೆ.

ಈ ವಾರ ಹೊಸದೊಂದನ್ನು ಹಿಡಿದಿದ್ದೇವೆ, ನಮ್ಮ ಶಾಲೆಯ ಟೀಚರ್ ಒಬ್ಬರ ಮದುವೆಗೆ. ನಾಲ್ಕೂ ಕಡೆಯಿಂದ ಅಂಚು ಹಿಡಿದು ಹೊಲಿಯುತ್ತ ಒಳಗೆ ಬರುತ್ತೇವೆ. ಶುರುವಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದಷ್ಟು ದೂರ ಕುಳಿತಿರುತ್ತೇವೆ, ಕೂಗಿ ಮಾತಾಡಬೇಕು. ಸುತ್ತು ಸಣ್ಣದಾದಂತೆ ಹತ್ತಿರ ಬರುತ್ತೇವೆ. ನಿನ್ನೆ ಸಂಜೆ ನಡುವಿಗೆ ಬಂದುಬಿಟ್ಟೆವು. ಖಾಲಾ ಅವರ ಮೊಣಕಾಲು ನನ್ನ ಮೊಣಕಾಲಿಗೆ ತಗುಲಿತು, ಎದುರಿನಾಕೆಯ ಸೂಜಿ ನನ್ನ ಬಳೆಗೆ ತಾಗಿ ಟಿಣ್ ಎಂದಿತು, ಯಾರೂ ಕದಲುವಂತಿಲ್ಲ. "ಸರೀರೇ ಅತ್ಲಾಗ!" ಎಂದು ಒಬ್ಬರು. "ಎಲ್ಲಿ ಸರೀಲಿ, ನಿನ್ನ ಮ್ಯಾಲನ ಕುಂದ್ರಬೇಕು!" ಎಂದು ಇನ್ನೊಬ್ಬರು. ಕೊನೆಯ ಹೊಲಿಗೆ ಯಾರು ಹಾಕಬೇಕೆಂದು ಜಗಳ ಶುರುವಾಯಿತು, ಬೆಳಕು ಹೋಗುವ ತನಕ ನಡೆಯಿತು.